ಕುದಿನೀರು ಕಾಣದ ಕಿವಿ

ಬೆಳಗಿನ ನಾಲ್ಕೂವರೆ, ಕಸಾಯಿಖಾನೆಯ ಹಿಂಬಾಗಿಲು.
ವಾಲ್ದೆಮಿರೊ ಚಾಚಿದ ಚೀಲದಲ್ಲಿ
ಹನ್ನೆರಡು ಹಂದಿಕಿವಿ, ಇನ್ನೂ ಬೆಚ್ಚಗೆ.
ಐಸಿನ ಡಬ್ಬಿಗೆ ತುಂಬಿ, ತೊಡೆಯ ಮೇಲಿಟ್ಟುಕೊಂಡು,
ಬಸ್ಸಿನಲ್ಲಿ ಸೇತುವೆ ದಾಟಿ ದ್ವೀಪಕ್ಕೆ ಬರುತ್ತೇನೆ.
ಪಕ್ಕದ ಸೀಟಿನವಳು ಇಣುಕಿ ಕೇಳಿದಳು:
ಶನಿವಾರದ ಬೀನ್ಸ್ ಸಾರಿಗಾ?
ಹೂಂ ಅಂದೆ. ನಿಜ ಹೇಳಲು ಎರಡು ಸ್ಟಾಪು ಸಾಲುತ್ತಿರಲಿಲ್ಲ.

ನಿಜ ಇಷ್ಟೇ:
ಹಂದಿಯ ಕಿವಿಯ ಹಿಂಬದಿ ನಮ್ಮ ಚರ್ಮಕ್ಕೆ ತೀರ ಹತ್ತಿರದ ನೆಂಟ,
ದಪ್ಪದಲ್ಲಿ, ಕೊಬ್ಬಿನಲ್ಲಿ, ಹಟದಲ್ಲಿ.
ಸುಲಿದು, ಗಾಜಿನ ಬಟ್ಟಲ ಬಾಯಿಗೆ ಬಿಗಿದು,
ಮೇಲೆ ಸೊಪ್ಪಿನ ಸಾರ, ಕೆಳಗೆ ಉಪ್ಪುನೀರು,
ಮೂವತ್ತೆರಡು ಡಿಗ್ರಿ ಕಾವು, ಇಪ್ಪತ್ನಾಲ್ಕು ಗಂಟೆ ಕಾವಲು.
ಎಷ್ಟು ಇಳಿಯಿತು?
ಈ ಒಂದು ಪ್ರಶ್ನೆಗೆ ನನಗೆ ತಿಂಗಳ ಸಂಬಳ.

ಸೊಪ್ಪಿನ ಹೆಸರು ಬಾಲೆಯೇರ.
ತಿಮಿಂಗಿಲದ ಬೇಟೆಯವರು
ಈಟಿ ಎಸೆದೆಸೆದು ಊದಿದ ಭುಜಕ್ಕೆ ಅರೆದು ಹಚ್ಚುತ್ತಿದ್ದರಂತೆ.
ಬೇಟೆ ನಿಂತಿತು, ಅವರೂ ಹೋದರು,
ಇದು ಮಾತ್ರ ಮರಳಿನಂಚಿನಲ್ಲಿ ಕಳೆಯ ಹಾಗೆ ಉಳಿದುಕೊಂಡಿತು.
ನನ್ನ ಸೋದರಮಾವ ಅರ್ಲಿಂದೊ
ಕಶಾಸಾ ಬಾಟಲಿಯಲ್ಲಿ ನೆನೆಹಾಕುತ್ತಾನೆ.
ಅರ್ಧ ಭುಜಕ್ಕೆ.
ಇನ್ನರ್ಧ ಎಲ್ಲಿಗೆಂದು ಅತ್ತೆಯನ್ನು ಕೇಳಬೇಕು.

ಮಾರ್ಚಿಯಲ್ಲಿ ಒಂದು ದಿನ ಎಣ್ಣೆ
ಹೊಳೆಯ ಹಾಗೆ ಇಳಿಯಿತು.
ಆರು ಬಟ್ಟಲು, ಆರರಲ್ಲೂ.
ಪ್ರೊಫೆಸರ್ ಓದೆತೆ ಕೇಕ್ ತರಿಸಿದರು,
ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು,
ಹಣ ಕೊಡುವವರಿಗೆ ಪತ್ರ ಬರೆಯಲು ಕೂತರು.

ಉಳಿದ ಕಿವಿಗಳನ್ನು ಎಸೆಯಲು ಹೋದಾಗ ನೋಡಿದೆ:
ಒಂದೂ ರೋಮವಿಲ್ಲ.
ವಾಲ್ದೆಮಿರೊ ಆ ದಿನ ರಜೆ. ಹೊಸ ಹುಡುಗ
ಕುದಿನೀರಲ್ಲಿ ಅದ್ದಿ, ನೀಟಾಗಿ ಕೆರೆದು ಕೊಟ್ಟಿದ್ದ,
ಅಡುಗೆಗೆಂದೇ ತಿಳಿದು.
ಬೆಂದದ್ದು ಚರ್ಮವಲ್ಲ, ಜರಡಿ.

ಎರಡು ಗಂಟೆ ಹೊತ್ತು ನಾನು ಸುಮ್ಮನಿದ್ದೆ.
ಇದನ್ನೂ ಬರೆದಿಡಬೇಕು.

ಹೇಳಿದ ಮೇಲೆ ಓದೆತೆ ಏನೂ ಅನ್ನಲಿಲ್ಲ.
ಉಳಿದಿದ್ದ ಕೇಕನ್ನು ನಿಂತುಕೊಂಡೇ ತಿಂದು ಮುಗಿಸಿದರು,
ಪತ್ರವನ್ನು ನಾಲ್ಕಾಗಿ ಮಡಿಸಿ
ಅಲುಗುವ ಮೇಜಿನ ಕಾಲಿಗೆ ಕೊಟ್ಟರು.

ಕುದಿನೀರು ಕಾಣದ ಚರ್ಮದ ಕಥೆ ಬೇರೆ.
ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.
ಹದಿನೈದು ಸಾಲು ಸತ್ತ ಕೋಶಗಳು, ನಡುವೆ ಮೇಣದ ಗಾರೆ;
ಬದುಕಿದವರನ್ನು ಸತ್ತವರು ಕಾಯುವ ಕೋಟೆ.
ಬೈಯಬೇಡ ಅನ್ನುತ್ತಾರೆ ಓದೆತೆ,
ಇದು ಹೀಗೆ ಬೇಡ ಬೇಡ ಅನ್ನದಿದ್ದರೆ
ಮೊದಲ ಸ್ನಾನಕ್ಕೇ ಕರಗಿಹೋಗುತ್ತಿದ್ದೆವು.

ಅದಕ್ಕೇ ನಾವು ಮೆತ್ತಗೆ ಕೇಳುತ್ತೇವೆ.
ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ ಒಡೆದು
ಸೋಯಾ ಕೊಬ್ಬಿನ ಅಂಗಿ ತೊಡಿಸುತ್ತೇವೆ,
ಗೋಡೆಯ ಬಣ್ಣದ್ದೇ ಅಂಗಿ, ಕಾವಲಿಗೆ ಮನೆಯವನೆನಿಸಲಿ ಎಂದು.
ಎರಡು ವರ್ಷ. ನೂರರಲ್ಲಿ ಅರ್ಧವಿದ್ದದ್ದು
ಈಗ ಮೂರು.
ಈ ಸಲ ಕೇಕ್ ತರಿಸಲಿಲ್ಲ.

ಜೂನ್, ತೈನ್ಯಾ ಮೀನಿನ ಕಾಲ.
ಬಲೆ ಎಳೆದು ಬಂದ ಮಾವನಿಗೆ ಕೈ ಎತ್ತಿ ಅಂಗಿ ತೆಗೆಯಲಾಗದು.
ಲ್ಯಾಬಿನ ಮುಲಾಮು ಮನುಷ್ಯರಿಗೆ ಹಚ್ಚಲು ಇನ್ನೂ ಅಪ್ಪಣೆಯಿಲ್ಲ,
ಅವನ ಬಾಟಲಿಯದನ್ನೇ ಉಜ್ಜಿದೆ.
ಅರವತ್ತು ವರ್ಷ ಬಿಸಿಲೂ ಉಪ್ಪೂ ಕುಡಿದ ಬೆನ್ನು,
ಅಂಗೈಗೆ ದೋಣಿಯ ಹಲಗೆ ಸಿಕ್ಕ ಹಾಗೆ.

ನಿಮ್ಮದು ಎಷ್ಟು ಇಳಿಯುತ್ತೆ ಝುಲ್ಮೀರ?
ನೂರಕ್ಕೆ ಮೂರು.
ಅವನು ನಕ್ಕ, ನಕ್ಕದ್ದಕ್ಕೆ ಭುಜ ನೊಂದು ಅಯ್ಯೋ ಎಂದ.
ಉಳಿದದ್ದು?

ಉತ್ತರ ಗೊತ್ತಿರಲಿಲ್ಲ. ರಾತ್ರಿ
ಎರಡು ಸಲ ಸೋಪು ಹಚ್ಚಿ ಕೈ ತೊಳೆದು ಬ್ರೆಡ್ ಮುರಿದೆ,
ಬ್ರೆಡ್ಡೆಲ್ಲ ಬಾಲೆಯೇರ.